ಎರಡು ಭಾಗಗಳ ಸಿಲಿಕೋನ್ ಜೆಲ್: ನಾಜೂಕಾದ ಎಲೆಕ್ಟ್ರಾನಿಕ್ ಬಿಡಿಭಾಗಗಳನ್ನು ಕಾಪಾಡುವ ಕ್ರಮ, ಹಂತ ಹಂತವಾಗಿ

ಬೋರ್ಡಿನ ಮೇಲೆ ಜೆಲ್ ಸುರಿದು ಎರಡು ದಿನ ಕಳೆದರೂ ಅದು ಎಣ್ಣೆಯಂತೆಯೇ ಹರಿಯುತ್ತಿದೆ ಎಂಬುದು ಮೊದಲ ದೂರು. ಹೆಪ್ಪೇನೋ ಕಟ್ಟಿದೆ, ಆದರೆ ತಂತಿಗಳ ಕೆಳಗೆ ಗುಳ್ಳೆಗಳು ಸಾಲಾಗಿ ನಿಂತಿವೆ ಎಂಬುದು ಎರಡನೆಯದು. ಈ ಕೆಲಸಕ್ಕೆ ಹೊಸದಾಗಿ ಕೈಹಾಕಿದವರು ಸೋಲುವುದು ಬಹುಮಟ್ಟಿಗೆ ಈ ಎರಡು ಕಡೆಗಳಲ್ಲಿ. ಎರಡಕ್ಕೂ ಕಾರಣವನ್ನು ಸುರಿಯುವ ಹೊತ್ತಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ಕೈಗವಸು ಆರಿಸುವಾಗ, ಬೋರ್ಡು ಒಣಗಿಸುವಾಗ, ಬಟ್ಟಲಿನ ಅಂಚು ಕೆರೆಯದೆ ಬಿಟ್ಟಾಗ ಆ ತಪ್ಪು ಆಗಿಹೋಗಿರುತ್ತದೆ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಸುರಿಯುವ ವಿಧಾನಕ್ಕಿಂತ ಅದರ ಹಿಂದಿನ ಸಿದ್ಧತೆಗೇ ಹೆಚ್ಚು ಜಾಗ ಕೊಡಲಾಗಿದೆ.

## ಮೊದಲು ಅರ್ಥಮಾಡಿಕೊಳ್ಳಬೇಕಾದದ್ದು

ಎರಡು ಡಬ್ಬಿಗಳಲ್ಲೂ ಇರುವ ಮೂಲದ್ರವ ಒಂದೇ ಜಾತಿಯ ಸಿಲಿಕೋನ್ ಪಾಲಿಮರ್. ಸಾಮಾನ್ಯವಾಗಿ ‘ಎ’ ಭಾಗದಲ್ಲಿ ಅತ್ಯಲ್ಪ ಪ್ರಮಾಣದ ಪ್ಲಾಟಿನಂ ವೇಗವರ್ಧಕ ಇರುತ್ತದೆ, ‘ಬಿ’ ಭಾಗದಲ್ಲಿ ಸರಪಳಿಗಳನ್ನು ಒಂದಕ್ಕೊಂದು ಹೆಣೆಯುವ, ಸಿಲಿಕಾನ್-ಹೈಡ್ರೋಜನ್ ಬಂಧಗಳುಳ್ಳ ಸಂಯುಕ್ತ ಇರುತ್ತದೆ. ಎರಡೂ ಬೆರೆತಾಗ ಪ್ಲಾಟಿನಂನ ನೆರವಿನಿಂದ ಸರಪಳಿಗಳು ಅಲ್ಲಲ್ಲಿ ಕೂಡಿಕೊಳ್ಳುತ್ತವೆ. ಈ ಕ್ರಿಯೆಯಲ್ಲಿ ಉಪಪದಾರ್ಥ ಹುಟ್ಟುವುದಿಲ್ಲ, ಕುಗ್ಗುವಿಕೆ ಬಹಳ ಕಡಿಮೆ, ಮತ್ತು ಹೊರಗಿನ ಗಾಳಿಯ ತೇವಾಂಶ ಬೇಕಾಗಿಲ್ಲದ ಕಾರಣ ಎಷ್ಟೇ ಆಳವಾದ ಪೆಟ್ಟಿಗೆಯಲ್ಲೂ ತಳದವರೆಗೆ ಹೆಪ್ಪುಗಟ್ಟುತ್ತದೆ.

ಸಿಲಿಕೋನ್ ರಬ್ಬರಿಗೂ ಜೆಲ್‌ಗೂ ಇರುವ ವ್ಯತ್ಯಾಸ ಹೆಣಿಗೆಯ ಸಾಂದ್ರತೆಯಲ್ಲಿದೆ. ಜೆಲ್‌ನಲ್ಲಿ ಹೆಣಿಗೆ ಬಹಳ ವಿರಳ. ಆದ್ದರಿಂದಲೇ ಅದು ಚಿಪ್ಪನ್ನು ಬೋರ್ಡಿಗೆ ಜೋಡಿಸುವ ಕೂದಲೆಳೆಯಂಥ ತಂತಿಗಳನ್ನು, ಅಂದರೆ ಬಾಂಡ್ ವೈರ್‌ಗಳನ್ನು, ಎಳೆಯದೆ ತಬ್ಬಿಕೊಳ್ಳುತ್ತದೆ, ಚುಚ್ಚಿದ ಸೂಜಿ ತೆಗೆದರೆ ಮತ್ತೆ ಮುಚ್ಚಿಕೊಳ್ಳುತ್ತದೆ, ಪ್ರೈಮರ್ ಇಲ್ಲದೆಯೇ ಮೇಲ್ಮೈಗೆ ಅಂಟಿಕೊಳ್ಳುತ್ತದೆ. ಆದರೆ ಇದೇ ಕಾರಣಕ್ಕೆ ಸಣ್ಣ ತಪ್ಪನ್ನೂ ಅದು ಸಹಿಸುವುದಿಲ್ಲ. ಗಟ್ಟಿ ರಬ್ಬರಿನಲ್ಲಿ ನೂರು ಕೊಂಡಿಗಳಲ್ಲಿ ಹತ್ತು ತಪ್ಪಿದರೆ ಗೊತ್ತಾಗಲಿಕ್ಕಿಲ್ಲ; ಇರುವುದೇ ಹದಿನೈದು ಎಂದಾದರೆ ಅದರಲ್ಲಿ ಹತ್ತು ತಪ್ಪಿದಾಗ ಉಳಿಯುವುದು ಬರೀ ಎಣ್ಣೆ.

ಎಲ್ಲಿ ಬಳಸಬಾರದು ಎಂಬುದನ್ನೂ ಮೊದಲೇ ಹೇಳಬೇಕು. ಜೆಲ್ ಹೊರಗಿನ ಪೆಟ್ಟನ್ನು ತಡೆಯುವುದಿಲ್ಲವಾದ್ದರಿಂದ ಅದರ ಮೇಲೆ ಗಟ್ಟಿಯಾದ ಮುಚ್ಚಳ ಇರಲೇಬೇಕು. ಇಂಧನ ಮತ್ತು ಹಲವು ದ್ರಾವಕಗಳಲ್ಲಿ ಅದು ಉಬ್ಬುತ್ತದೆ. ಸಂಪರ್ಕ ಬಿಂದುಗಳು ತೆರೆದಿರುವ ರಿಲೇ ಅಥವಾ ಸ್ವಿಚ್ ಇರುವ ಮುಚ್ಚಿದ ಪೆಟ್ಟಿಗೆಯಲ್ಲಿ ಜೆಲ್ ಹಾಕುವುದು ಅಪಾಯಕರ, ಏಕೆಂದರೆ ಜೆಲ್‌ನಿಂದ ಹೊರಬರುವ ಹಗುರ ಸಿಲಿಕೋನ್ ಆವಿ ಕಿಡಿಯ ಬಿಸಿಗೆ ಸಿಲಿಕಾ ಆಗಿ ಸಂಪರ್ಕ ಬಿಂದುಗಳ ಮೇಲೆ ಕೂತು ವಿದ್ಯುತ್ ಹರಿವನ್ನೇ ತಡೆಯಬಹುದು. ಇನ್ನು, ಗಂಧಕದ ಅನಿಲಗಳಿರುವ ಪರಿಸರದಲ್ಲಿ ಬೆಳ್ಳಿಯ ಲೇಪನವನ್ನು ಜೆಲ್ ಕಾಪಾಡುತ್ತದೆ ಎಂದು ನಂಬಬಾರದು. ಸಿಲಿಕೋನ್‌ನ ಮೂಲಕ ಅನಿಲಗಳು ಸಲೀಸಾಗಿ ದಾಟುತ್ತವೆ. ನೀರಿನ ಆವಿಯೂ ದಾಟುತ್ತದೆ. ಜೆಲ್ ರಕ್ಷಣೆ ಕೊಡುವುದು ಆವಿಯನ್ನು ತಡೆದು ಅಲ್ಲ, ಮೇಲ್ಮೈಗೆ ಬಿಗಿಯಾಗಿ ಅಂಟಿಕೊಂಡು ಅಲ್ಲಿ ನೀರಿನ ಪದರ ಕೂರಲು ಜಾಗ ಇಲ್ಲದಂತೆ ಮಾಡಿ. ಅಂಟಿಕೊಳ್ಳದ ಕಡೆ ಈ ರಕ್ಷಣೆಯೂ ಇಲ್ಲ ಎಂಬುದನ್ನು ಮುಂದಿನ ಹಂತಗಳನ್ನು ಓದುವಾಗ ನೆನಪಿಟ್ಟುಕೊಳ್ಳಬೇಕು.

## ಬೇಕಾಗುವ ಸಲಕರಣೆಗಳು

0.01 ಗ್ರಾಂವರೆಗೆ ತೋರಿಸುವ ಡಿಜಿಟಲ್ ತಕ್ಕಡಿ, ಪಾಲಿಪ್ರೊಪಿಲೀನ್ ಅಥವಾ ಪಾಲಿಎಥಿಲೀನ್ ಬಟ್ಟಲುಗಳು, ಚಪ್ಪಟೆ ಅಂಚಿನ ಸ್ಟೀಲ್ ಅಥವಾ ಪ್ಲಾಸ್ಟಿಕ್ ಕಲಕುಗಳು, ನಿರ್ವಾತ ಪಾತ್ರೆ ಮತ್ತು ಪಂಪ್, ಗಾಳಿ ತಿರುಗಿಸುವ ಫ್ಯಾನ್ ಇರುವ ಓವನ್, ಐಸೊಪ್ರೊಪೈಲ್ ಆಲ್ಕೋಹಾಲ್, ನಾರು ಬಿಡದ ಬಟ್ಟೆ, ಸೂಜಿಯಿಲ್ಲದ ಸಿರಿಂಜುಗಳು, ಸ್ಥಿರವಿದ್ಯುತ್ತಿನಿಂದ ಕಾಪಾಡುವ ಮಣಿಕಟ್ಟಿನ ಪಟ್ಟಿ, ಪಾಲಿಎಥಿಲೀನ್ ಅಥವಾ ವಿನೈಲ್ ಕೈಗವಸು, ಕಣ್ಣಿಗೆ ಕನ್ನಡಕ.

ಮರದ ಕಡ್ಡಿ ಮತ್ತು ಮೇಣ ಲೇಪಿಸಿದ ಕಾಗದದ ಲೋಟ ಈ ಪಟ್ಟಿಯಲ್ಲಿ ಬೇಕೆಂದೇ ಇಲ್ಲ. ಮರದಲ್ಲಿ ತೇವವೂ ರಾಳವೂ ಇರುತ್ತವೆ, ಮೇಣ ಜೆಲ್‌ಗೆ ಸೇರಿಕೊಳ್ಳುತ್ತದೆ. ಓವನ್ ವಿಷಯದಲ್ಲಿ ಇನ್ನೂ ಒಂದು ಮಾತು: ಎಪಾಕ್ಸಿ ಅಥವಾ ರಬ್ಬರ್ ಬೇಯಿಸಿದ ಓವನ್ನಿನಲ್ಲೇ ಜೆಲ್ ಇಟ್ಟರೆ ಗೋಡೆಗಳಿಂದ ಏಳುವ ಆವಿಯೇ ಮೇಲ್ಪದರವನ್ನು ಕೆಡಿಸಬಹುದು. ಸಾಧ್ಯವಿದ್ದರೆ ಈ ಕೆಲಸಕ್ಕೆಂದೇ ಒಂದು ಓವನ್ ಬೇರೆ ಇಡಬೇಕು, ಇಲ್ಲವಾದರೆ ಖಾಲಿ ಓವನ್ನನ್ನು ಹೆಚ್ಚಿನ ಉಷ್ಣತೆಯಲ್ಲಿ ಕೆಲವು ಗಂಟೆ ಓಡಿಸಿ ಶುದ್ಧಮಾಡಿಕೊಳ್ಳಬೇಕು.

## ಹಂತ 1: ಪ್ಲಾಟಿನಂ ಅನ್ನು ಕೆಡಿಸುವ ವಸ್ತುಗಳನ್ನು ಹುಡುಕುವುದು

ಪ್ಲಾಟಿನಂ ಅತ್ಯಲ್ಪ ಪ್ರಮಾಣದಲ್ಲಿ ಇರುವುದರಿಂದ ಅದನ್ನು ಕಟ್ಟಿಹಾಕಲು ಅತ್ಯಲ್ಪ ಕಲ್ಮಶ ಸಾಕು. ಗಂಧಕ, ಅಮೀನ್‌ಗಳು, ತವರದ ಸಾವಯವ ಸಂಯುಕ್ತಗಳು, ರಂಜಕದ ಕೆಲವು ಸಂಯುಕ್ತಗಳು ಮುಖ್ಯ ಶತ್ರುಗಳು. ಹೆಸರು ಕೇಳಿದರೆ ದೂರದವು ಎನಿಸುತ್ತದೆ, ಆದರೆ ಕೆಲಸದ ಮೇಜಿನ ಮೇಲೆ ಇವು ಬೇರೆ ವೇಷದಲ್ಲಿ ಕೂತಿರುತ್ತವೆ. ಲೇಟೆಕ್ಸ್ ಕೈಗವಸು, ರಬ್ಬರ್ ಬ್ಯಾಂಡ್, ವಲ್ಕನೀಕರಿಸಿದ ರಬ್ಬರಿನ ಗ್ಯಾಸ್ಕೆಟ್ ಮತ್ತು ಗ್ರೊಮೆಟ್‌ಗಳಲ್ಲಿ ಗಂಧಕ ಇರುತ್ತದೆ. ಅಮೀನ್‌ನಿಂದ ಗಟ್ಟಿಗೊಳಿಸುವ ಎಪಾಕ್ಸಿ ಅಂಟು ಪೂರ್ತಿ ಗಟ್ಟಿಯಾಗದಿದ್ದರೆ ಅದರಲ್ಲಿ ಅಮೀನ್ ಉಳಿದಿರುತ್ತದೆ. ಬೆಸುಗೆ ಹಿಡಿಯಲೆಂದು ಹಚ್ಚುವ ಫ್ಲಕ್ಸಿನ ಶೇಷ, ಪಿವಿಸಿ ವೈರ್ ಹೊದಿಕೆಯನ್ನು ಮೆತ್ತಗಾಗಿಸಲು ಸೇರಿಸಿದ ಪ್ಲಾಸ್ಟಿಸೈಸರ್, ಕೆಲವು ಬಗೆಯ ಟೇಪುಗಳ ಅಂಟು, ಇವೂ ಸಂದೇಹಕ್ಕೆ ಅರ್ಹ. ನೈಟ್ರೈಲ್ ಕೈಗವಸು ಲೇಟೆಕ್ಸಿಗಿಂತ ಮೇಲು ಎಂಬುದು ನಿಜವಾದರೂ, ಅದರಲ್ಲೂ ಗಂಧಕದಿಂದ ಹದಮಾಡಿದ ಬಗೆಗಳಿವೆ. ಪರೀಕ್ಷೆ ಮಾಡದೆ ನಂಬಬಾರದು.

ನನ್ನ ಮೊದಲ ದೊಡ್ಡ ವೈಫಲ್ಯ ಇಲ್ಲಿಯೇ ಆದದ್ದು. ಒಂದೇ ಬಟ್ಟಲಿನಿಂದ ಎಂಟು ಪೆಟ್ಟಿಗೆಗಳಿಗೆ ಸುರಿದಿದ್ದೆ. ಎಂಟರಲ್ಲೂ ನಡುಭಾಗ ಚೆನ್ನಾಗಿ ಹೆಪ್ಪುಗಟ್ಟಿತ್ತು; ಅಂಚಿನ ಸುತ್ತ ಮಾತ್ರ ಎರಡು ಮಿಲಿಮೀಟರ್ ಅಗಲದ ಒದ್ದೆ ಗೆರೆ. ಮತ್ತೆ 100 ಡಿಗ್ರಿಯಲ್ಲಿ ಕಾಯಿಸಿದೆ, ಗೆರೆ ಹಾಗೆಯೇ ಉಳಿಯಿತು. ಪೆಟ್ಟಿಗೆಯ ಸಂದು ಮುಚ್ಚಲು ವಿನೆಗರ್ ವಾಸನೆಯ ಸಾಮಾನ್ಯ ಸಿಲಿಕೋನ್ ಸೀಲೆಂಟ್ ಹಚ್ಚಿದ್ದೆ. ‘ಸಿಲಿಕೋನ್‌ಗೆ ಸಿಲಿಕೋನ್ ಹೊಂದುತ್ತದೆ’ ಎಂಬ ಊಹೆ ನನ್ನದು. ಆ ಬಗೆಯ ಸೀಲೆಂಟಿನಲ್ಲಿ ವೇಗವರ್ಧಕವಾಗಿ ತವರದ ಸಂಯುಕ್ತ ಇರುತ್ತದೆ ಎಂದು ಆಮೇಲೆ ತಿಳಿಯಿತು. ಅದು ಬಿಡುವ ಅಸಿಟಿಕ್ ಆಮ್ಲ ತಾಮ್ರವನ್ನು ತಿನ್ನುತ್ತದೆ ಎಂಬುದು ಬೇರೆಯೇ ತೊಂದರೆ.

ಸಂದೇಹವಿರುವ ಪ್ರತಿ ವಸ್ತುವಿಗೂ ಮಾಡಬೇಕಾದ ಪರೀಕ್ಷೆ ಸರಳ. ಆ ವಸ್ತುವಿನ ಚೂರೊಂದನ್ನು ಸಣ್ಣ ಬಟ್ಟಲಿನ ತಳದಲ್ಲಿಟ್ಟು, ಬೆರೆಸಿದ ಜೆಲ್ ಸುರಿದು, ನಿಜವಾದ ಕೆಲಸದಲ್ಲಿ ಬಳಸುವ ಉಷ್ಣತೆ ಮತ್ತು ಅವಧಿಯಲ್ಲೇ ಹೆಪ್ಪುಗಟ್ಟಿಸಬೇಕು. ಬಳಿಕ ಜೆಲ್ ಅನ್ನು ಬ್ಲೇಡಿನಿಂದ ಕತ್ತರಿಸಿ, ಚೂರಿಗೆ ತಾಗಿದ ಬದಿಯನ್ನು ನೋಡಬೇಕು. ಅಲ್ಲಿ ಬೆರಳಿಗೆ ಎಣ್ಣೆ ಹತ್ತಿದರೆ ಅಥವಾ ಜೆಲ್ ಲೋಳೆಯಂತೆ ಎಳೆ ಬಂದರೆ ಆ ವಸ್ತು ಬೇಡ. ಹೆಪ್ಪುಗಟ್ಟಿದ ಜೆಲ್ ಸಹಜವಾಗಿಯೇ ಅಂಟಂಟಾಗಿರುತ್ತದೆ, ಆ ಜಿಗುಟನ್ನು ದೋಷವೆಂದು ಭ್ರಮಿಸಬಾರದು. ಜಿಗುಟು ಬೆರಳನ್ನು ಹಿಡಿದು ಬಿಡುತ್ತದೆ. ಒದ್ದೆತನ ಬೆರಳಿನ ಮೇಲೆ ಉಳಿಯುತ್ತದೆ.

## ಹಂತ 2: ಸ್ವಚ್ಛಗೊಳಿಸಿ ಒಣಗಿಸುವುದು

ಫ್ಲಕ್ಸನ್ನು ತೊಳೆಯುವ ಅಗತ್ಯವಿಲ್ಲ ಎಂದು ಬರೆದಿರುವ ಬೆಸುಗೆ ಬಳಸಿದ್ದರೂ ಜೆಲ್‌ನ ಕೆಳಗೆ ತೊಳೆಯುವುದೇ ಕ್ಷೇಮ. ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಮೃದುವಾದ ಬ್ರಷ್ ಬಳಸಿ ತೊಳೆದು, ಕೊಳೆಯಾದ ದ್ರವ ಬೋರ್ಡಿನ ಮೇಲೆಯೇ ಒಣಗಲು ಬಿಡದೆ, ಹೊಸ ಆಲ್ಕೋಹಾಲಿನಿಂದ ಇನ್ನೊಮ್ಮೆ ಜಾಲಿಸಬೇಕು. ಬಾಂಡ್ ವೈರ್‌ಗಳು ಈಗಾಗಲೇ ಇದ್ದರೆ ಬ್ರಷ್ ಆ ಭಾಗಕ್ಕೆ ತಾಗಲೇಬಾರದು. 25 ಮೈಕ್ರಾನ್ ದಪ್ಪದ ಚಿನ್ನದ ತಂತಿ ಬ್ರಷ್‌ನ ಒಂದು ಕೂದಲಿಗೂ ಬಾಗುತ್ತದೆ.

ತೊಳೆದ ಬೋರ್ಡನ್ನು ಮೊದಲು ಗಾಳಿಯಲ್ಲಿ ಪೂರ್ತಿ ಆರಲು ಬಿಡಬೇಕು. ಆಲ್ಕೋಹಾಲ್ ಹನಿಯುವ ಬೋರ್ಡನ್ನು ನೇರವಾಗಿ ಓವನ್ನಿಗೆ ಇಡುವುದು ಬೆಂಕಿಗೆ ಆಹ್ವಾನ. ಬಳಿಕ, ಬಿಡಿಭಾಗಗಳು ತಾಳುವುದಾದರೆ, 80ರಿಂದ 105 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದೆರಡು ಗಂಟೆ ಒಣಗಿಸಬೇಕು. ಈ ಹಂತವನ್ನು ಬಿಟ್ಟವರಿಗೇ ತಂತಿಗಳ ಕೆಳಗೆ ಗುಳ್ಳೆಸಾಲು ಕಾಣಿಸುವುದು. ಬೋರ್ಡಿನ ನಾರಿನ ಪದರಗಳಲ್ಲಿ ಅಡಗಿದ ತೇವ ಕಾಯಿಸಿದಾಗ ಆವಿಯಾಗಿ ಹೊರಬರುತ್ತದೆ. ಅದರ ಜೊತೆಗೆ ‘ಬಿ’ ಭಾಗದ ಸಿಲಿಕಾನ್-ಹೈಡ್ರೋಜನ್ ಬಂಧಗಳು ಪ್ಲಾಟಿನಂನ ಸಮ್ಮುಖದಲ್ಲಿ ನೀರಿನೊಂದಿಗೆ ವರ್ತಿಸಿ ಹೈಡ್ರೋಜನ್ ಅನಿಲವನ್ನೂ ಬಿಡುತ್ತವೆ. ಎಷ್ಟು ಹೊತ್ತು ನಿರ್ವಾತದಲ್ಲಿಟ್ಟರೂ ಆಮೇಲೆ ಹುಟ್ಟುವ ಈ ಗುಳ್ಳೆಗಳನ್ನು ತಪ್ಪಿಸಲಾಗದು.

ಒಣಗಿಸಿದ ಬೋರ್ಡು ಕೋಣೆಯ ಉಷ್ಣತೆಗೆ ಇಳಿದ ಒಂದೆರಡು ಗಂಟೆಗಳೊಳಗೆ ಜೆಲ್ ಸುರಿಯುವಂತೆ ಕೆಲಸವನ್ನು ಹೊಂದಿಸಿಕೊಳ್ಳಬೇಕು. ಬಿಸಿ ಬೋರ್ಡಿನ ಮೇಲೆ ಸುರಿದರೆ ಜೆಲ್ ತಳಕ್ಕೆ ಇಳಿಯುವ ಮೊದಲೇ ದಪ್ಪಗಾಗುತ್ತದೆ.

## ಹಂತ 3: ಸೋರುವ ದಾರಿಗಳನ್ನು ಮುಚ್ಚುವುದು

ಹೆಪ್ಪುಗಟ್ಟುವ ಮುನ್ನ ಬಹಳಷ್ಟು ಜೆಲ್‌ಗಳು ತೆಳು ಎಣ್ಣೆಯಷ್ಟೇ ನೀರಾಗಿರುತ್ತವೆ, ಕಣ್ಣಿಗೆ ಕಾಣದ ಸಂದಿನಲ್ಲೂ ಇಳಿದು ಹೋಗುತ್ತವೆ. ಕನೆಕ್ಟರ್‌ನ ಹಿಂಭಾಗ, ಸ್ಕ್ರೂ ರಂಧ್ರ, ವೈರ್‌ನ ಎಳೆಗಳ ನಡುವಿನ ಜಾಗ, ಇವು ಮೂರೂ ಸಾಮಾನ್ಯ ಸೋರುದಾರಿಗಳು. ಹಲವು ಎಳೆಗಳ ವೈರ್ ಇದ್ದರೆ ಜೆಲ್ ಅದರ ಹೊದಿಕೆಯ ಒಳಗೇ ಏರಿ ಒಂದಡಿ ದೂರದ ಕನೆಕ್ಟರ್‌ನಲ್ಲಿ ಹೊರಬಂದದ್ದನ್ನು ನೋಡಿದ್ದೇನೆ.

ಪಾಲಿಇಮೈಡ್ ಟೇಪಿನಿಂದ ಹೊರಗಿನಿಂದ ಮುಚ್ಚುವುದು, ಅಥವಾ ಅದೇ ಜೆಲ್‌ನ ಕುಟುಂಬದ, ಪ್ಲಾಟಿನಂನಿಂದಲೇ ಗಟ್ಟಿಯಾಗುವ ದಪ್ಪನೆಯ ಸೀಲೆಂಟನ್ನು ಸಂದಿಗೆ ಹಚ್ಚಿ ಪೂರ್ತಿ ಗಟ್ಟಿಗೊಳಿಸುವುದು ಒಳ್ಳೆಯ ದಾರಿ. ಸೋರಿಕೆಯ ಪರೀಕ್ಷೆಗೆ ಪೆಟ್ಟಿಗೆಯಲ್ಲಿ ನೀರು ಹಾಕಬಾರದು. ಸ್ವಲ್ಪ ಆಲ್ಕೋಹಾಲ್ ಹಾಕಿ ಐದು ನಿಮಿಷ ಕಾಗದದ ಮೇಲೆ ಇಟ್ಟು ನೋಡಿದರೆ ಸಾಕು. ಆಮೇಲೆ ಮತ್ತೆ ಒಣಗಿಸಬೇಕಾಗುವುದರಿಂದ ಈ ಪರೀಕ್ಷೆಯನ್ನು ಹಂತ 2ರ ಓವನ್ ಕೆಲಸಕ್ಕೆ ಮೊದಲೇ ಮುಗಿಸಿದರೆ ಶ್ರಮ ಉಳಿಯುತ್ತದೆ.

## ಹಂತ 4: ಎಷ್ಟು ಬೇಕು, ಎಲ್ಲಿಯವರೆಗೆ ತುಂಬಬೇಕು

80 ಮಿ.ಮೀ. ಉದ್ದ, 50 ಮಿ.ಮೀ. ಅಗಲದ ಪೆಟ್ಟಿಗೆಯಲ್ಲಿ 12 ಮಿ.ಮೀ. ಎತ್ತರಕ್ಕೆ ಜೆಲ್ ಬೇಕು ಎಂದಿಟ್ಟುಕೊಳ್ಳೋಣ. ಒಟ್ಟು ಜಾಗ 48 ಮಿ.ಲೀ. ಅದರಲ್ಲಿ ಬೋರ್ಡು ಮತ್ತು ಬಿಡಿಭಾಗಗಳು 8 ಮಿ.ಲೀ. ಆಕ್ರಮಿಸಿದರೆ ಜೆಲ್‌ಗೆ ಉಳಿಯುವುದು 40 ಮಿ.ಲೀ. ಶಾಖ ಸಾಗಿಸುವ ಪುಡಿ ಬೆರೆಸದ ಜೆಲ್‌ನ ಸಾಂದ್ರತೆ ಮಿ.ಲೀ.ಗೆ ಸುಮಾರು 0.97 ಗ್ರಾಂ ಆದ್ದರಿಂದ ತೂಕ 39 ಗ್ರಾಂ. ಬಟ್ಟಲಿಗೂ ಸಿರಿಂಜಿಗೂ ಅಂಟಿ ಹೋಗುವ ಪಾಲು ಮತ್ತು ಪರೀಕ್ಷೆಗೆ ಎತ್ತಿಡುವ ಪಾಲು ಸೇರಿಸಿ 46 ಗ್ರಾಂ ಬೆರೆಸಬೇಕು. ಅನುಪಾತ 1:1 ಇದ್ದರೆ ಒಂದೊಂದು ಭಾಗ 23 ಗ್ರಾಂ.

ಎತ್ತರ ನಿರ್ಧರಿಸುವಾಗ ಎರಡು ವಿಷಯ ನೋಡಬೇಕು. ಕೆಳಗಿನ ಮಿತಿಯಾಗಿ, ಅತಿ ಎತ್ತರದ ತಂತಿಯ ಕಮಾನು ಜೆಲ್‌ನಲ್ಲಿ ಎರಡು ಮೂರು ಮಿಲಿಮೀಟರ್‌ನಷ್ಟು ಮುಳುಗಿರಬೇಕು. ಅರ್ಧ ಮುಳುಗಿದ ತಂತಿ ಜೆಲ್‌ನ ಮೇಲ್ಮೈ ಅಲುಗಿದಾಗಲೆಲ್ಲ ಒಂದೇ ಬಿಂದುವಿನಲ್ಲಿ ಬಾಗುತ್ತದೆ. ಮೇಲಿನ ಮಿತಿಯಾಗಿ, ಜೆಲ್ ಹಿಗ್ಗಲು ಜಾಗ ಬಿಡಬೇಕು. ಸಿಲಿಕೋನ್ ಜೆಲ್‌ನ ಗಾತ್ರ 100 ಡಿಗ್ರಿ ಉಷ್ಣತೆ ಏರಿದರೆ ಸುಮಾರು ಶೇ. 9ರಷ್ಟು ಹೆಚ್ಚುತ್ತದೆ. ಮೇಲಿನ ಉದಾಹರಣೆಯಲ್ಲಿ 40 ಮಿ.ಲೀ. ಜೆಲ್ 3.6 ಮಿ.ಲೀ. ಹಿಗ್ಗಿ, ಮಟ್ಟ 0.9 ಮಿ.ಮೀ. ಏರುತ್ತದೆ. ಗಾಳಿಗೂ ಜಾಗವಿಲ್ಲದಂತೆ ತುಂಬಿ ಬಿಗಿದರೆ ಈ ಹಿಗ್ಗು ಮುಚ್ಚಳವನ್ನು ಎಬ್ಬಿಸುತ್ತದೆ, ಇಲ್ಲವೇ ತಂತಿಗಳನ್ನು ಹರಿಯುತ್ತದೆ. ಇಷ್ಟು ಆಳಕ್ಕೆ ಕನಿಷ್ಠ ಮೂರು ಮಿಲಿಮೀಟರ್ ಖಾಲಿ ಬಿಡುವುದು ನನ್ನ ರೂಢಿ.

## ಹಂತ 5: ತೂಗಿ ಬೆರೆಸುವುದು

ತಂಪಾದ ಜಾಗದಲ್ಲಿಟ್ಟ ಡಬ್ಬಿಗಳನ್ನು ಮುಚ್ಚಳ ತೆರೆಯದೆಯೇ ಕೋಣೆಯ ಉಷ್ಣತೆಗೆ ಬರಲು ಬಿಡಬೇಕು. ತಣ್ಣಗಿರುವಾಗ ತೆರೆದರೆ ಒಳಗೆ ತೇವ ಕಟ್ಟುತ್ತದೆ. ಶಾಖ ಸಾಗಿಸುವ ಪುಡಿ ಬೆರೆಸಿದ ಜೆಲ್ ಆಗಿದ್ದರೆ ಪುಡಿ ತಳಕ್ಕೆ ಕೂತಿರುತ್ತದೆ, ಆದ್ದರಿಂದ ತೂಗುವ ಮೊದಲು ಒಂದೊಂದು ಡಬ್ಬಿಯನ್ನೂ ಅದರದೇ ಕಲಕಿನಿಂದ ತಳದವರೆಗೆ ಕಲಕಬೇಕು. ‘ಎ’ ಭಾಗದ ಕಲಕು ‘ಬಿ’ ಡಬ್ಬಿಗೆ ಹೋದರೆ ಡಬ್ಬಿಯಿಡೀ ನಿಧಾನವಾಗಿ ಹೆಪ್ಪುಗಟ್ಟುತ್ತಾ ಹಾಳಾಗುತ್ತದೆ. ಮುಚ್ಚಳಗಳೂ ಅದಲು ಬದಲಾಗಬಾರದು. ಡಬ್ಬಿ, ಮುಚ್ಚಳ, ಕಲಕು ಮೂರಕ್ಕೂ ಒಂದೇ ಬಣ್ಣದ ಗುರುತು ಹಾಕಿದರೆ ಈ ತಪ್ಪು ನಡೆಯುವುದಿಲ್ಲ. ‘ಬಿ’ ಡಬ್ಬಿ ಉಬ್ಬಿಕೊಂಡಿರುವುದು ಕಂಡರೆ ಒಳಗೆ ಹೈಡ್ರೋಜನ್ ಸೇರಿದೆ ಎಂದರ್ಥ; ಬೆಂಕಿ, ಕಿಡಿಗಳಿಂದ ದೂರ, ಗಾಳಿಯಾಡುವ ಕಡೆ ನಿಧಾನವಾಗಿ ಸಡಿಲಿಸಬೇಕು, ಆ ಡಬ್ಬಿಯನ್ನು ಕೆಲಸಕ್ಕೆ ಬಳಸಬಾರದು.

ಬಟ್ಟಲನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ, 23.00 ಗ್ರಾಂ ‘ಎ’ ಸುರಿದು, ಮತ್ತೆ ಸೊನ್ನೆ ಮಾಡಿ, 23.00 ಗ್ರಾಂ ‘ಬಿ’ ಸುರಿಯಬೇಕು. ಕೈತಪ್ಪಿ ಎರಡನೆಯದು 23.80 ಆದರೆ ಚಮಚದಿಂದ ತೆಗೆಯಲು ಹೋಗಬಾರದು, ಏಕೆಂದರೆ ತೆಗೆದದ್ದರಲ್ಲಿ ಯಾವುದು ಎಷ್ಟು ಬಂತೆಂದು ತಿಳಿಯದು. ಮೊದಲನೆಯದನ್ನು 0.80 ಗ್ರಾಂ ಸೇರಿಸಿ ಸರಿದೂಗಿಸಬೇಕು. ಸಾಮಾನ್ಯವಾಗಿ ‘ಎ’ ಹೆಚ್ಚಾದರೆ ಜೆಲ್ ನೀರಾಗಿಯೂ ‘ಬಿ’ ಹೆಚ್ಚಾದರೆ ಗಟ್ಟಿಯಾಗಿಯೂ ಉಳಿಯುತ್ತದೆ. ‘ಗಟ್ಟಿಯಾದರೆ ಒಳ್ಳೆಯದಲ್ಲವೇ’ ಎಂದು ಬೇಕೆಂದೇ ‘ಬಿ’ ಹೆಚ್ಚಿಸುವವರಿದ್ದಾರೆ. ಗಟ್ಟಿ ಜೆಲ್ ಉಷ್ಣತೆಯ ಏರಿಳಿತದಲ್ಲಿ ತಂತಿಯ ಬುಡವನ್ನೇ ಎಳೆಯುತ್ತದೆ. ಮೆತ್ತಗಿರಲಿ ಎಂದೇ ಅಲ್ಲವೇ ಜೆಲ್ ಆರಿಸಿದ್ದು.

ಕಲಕುವಾಗ ಗಾಳಿ ಸೇರದಂತೆ, ಕಲಕನ್ನು ದ್ರವದಿಂದ ಮೇಲೆತ್ತದೆ, ನಿಧಾನವಾಗಿ ಸುತ್ತಬೇಕು. ಎರಡೂ ಭಾಗಗಳು ಬಣ್ಣವಿಲ್ಲದವಾದರೆ ಬೆರೆತಿದೆಯೇ ಎಂದು ಕಣ್ಣಿಗೆ ತಿಳಿಯದು. ಬೆಳಕಿಗೆ ಹಿಡಿದಾಗ ಸಕ್ಕರೆ ಕರಗುತ್ತಿರುವ ನೀರಿನಲ್ಲಿ ಕಾಣುವಂಥ ಸೂಕ್ಷ್ಮ ಗೆರೆಗಳು ಕಂಡರೆ ಇನ್ನೂ ಬೆರೆತಿಲ್ಲ. ಎರಡು ನಿಮಿಷ ಕಲಕಿ, ಬದಿ ಮತ್ತು ತಳವನ್ನು ಚಪ್ಪಟೆ ಅಂಚಿನಿಂದ ಕೆರೆದು, ಇನ್ನೆರಡು ನಿಮಿಷ ಕಲಕಬೇಕು. ಆ ಬಳಿಕ ಇಡೀ ಮಿಶ್ರಣವನ್ನು ಶುದ್ಧವಾದ ಎರಡನೆಯ ಬಟ್ಟಲಿಗೆ ಸುರಿದು, ಹಳೆಯ ಬಟ್ಟಲಿನ ಗೋಡೆಯಲ್ಲಿ ಉಳಿದದ್ದನ್ನು ಕೆರೆಯದೆ ಅಲ್ಲಿಯೇ ಬಿಟ್ಟು, ಹೊಸ ಕಲಕಿನಿಂದ ಇನ್ನೊಂದು ನಿಮಿಷ ಕಲಕಬೇಕು. ಬೆರೆಯದೆ ಗೋಡೆಗೆ ಅಂಟಿದ ಪದರ ಕೊನೆಯ ಹನಿಗಳ ಜೊತೆ ಬೋರ್ಡಿಗೆ ಬೀಳುವುದನ್ನು ತಪ್ಪಿಸುವ ಉಪಾಯ ಇದೊಂದೇ. ಸುರಿದ ಜೆಲ್‌ನಲ್ಲಿ ಒಂದು ಮೂಲೆ ಮಾತ್ರ ನೀರಾಗಿ ಉಳಿಯುವುದಕ್ಕೆ ಬಹುತೇಕ ಸಲ ಈ ಕೊನೆಯ ಹನಿಗಳೇ ಕಾರಣ.

ಎರಡೂ ಭಾಗಗಳು ಅಕ್ಕಪಕ್ಕದ ಕೊಳವೆಗಳಲ್ಲಿ ಬರುವ ಜೋಡಿ ಕಾರ್ಟ್ರಿಡ್ಜ್ ಮತ್ತು ಅವನ್ನು ತಾನೇ ಬೆರೆಸುವ ನಳಿಗೆ ಬಳಸುವವರಿಗೆ ಈ ಶ್ರಮವಿಲ್ಲ. ಆದರೆ ನಳಿಗೆಯಿಂದ ಮೊದಲು ಬರುವ ಧಾರೆಯಲ್ಲಿ ಅನುಪಾತ ಸರಿಯಿರುವುದಿಲ್ಲವಾದ್ದರಿಂದ ಅದನ್ನು ಕಾಗದದ ಮೇಲೆ ಹಿಂಡಿ ಎಸೆಯಬೇಕು.

## ಹಂತ 6: ನಿರ್ವಾತದಲ್ಲಿ ಗಾಳಿ ತೆಗೆಯುವುದು

ಗಾಳಿ ತೆಗೆಯುವಾಗ ಮಿಶ್ರಣ ನೊರೆಯೇರಿ ಮೂರು ನಾಲ್ಕು ಪಟ್ಟು ಉಬ್ಬುತ್ತದೆ. ಹಾಗಾಗಿ 46 ಗ್ರಾಂ ಮಿಶ್ರಣಕ್ಕೆ 250 ಮಿ.ಲೀ. ಬಟ್ಟಲೇ ಬೇಕು. ಪಾತ್ರೆಯ ಒಳಗಿನ ಒತ್ತಡ 25 ಮಿಲಿಬಾರ್ ಅಥವಾ ಅದಕ್ಕಿಂತ ಕೆಳಗೆ ಇಳಿಯಬೇಕು. ಸಮುದ್ರಮಟ್ಟಕ್ಕಿಂತ ಎತ್ತರದ ಜಾಗಗಳಲ್ಲಿ ಸಾಧಾರಣ ಗೇಜಿನ ಮುಳ್ಳು ಪುಸ್ತಕದ ಅಂಕೆಯನ್ನು ಮುಟ್ಟುವುದೇ ಇಲ್ಲ, ಏಕೆಂದರೆ ಅದು ಅಳೆಯುವುದು ಹೊರಗಿನ ಗಾಳಿಗೂ ಒಳಗಿನದಕ್ಕೂ ಇರುವ ಅಂತರವನ್ನು; ಅದನ್ನು ಪಂಪಿನ ದೋಷವೆಂದು ತಿಳಿಯಬಾರದು.

ನೊರೆ ಏರುತ್ತಾ ಬಂದು ಬಟ್ಟಲಿನ ಅಂಚಿಗೆ ಸಮೀಪಿಸಿದಾಗ ಕವಾಟವನ್ನು ಸ್ವಲ್ಪ ತೆರೆದು ಅದನ್ನು ಕೂರಿಸಿ, ಮತ್ತೆ ಎಳೆಯಬೇಕು. ಕುದಿಯುವ ಹಾಲಿಗೆ ಊದಿ ಇಳಿಸಿದಂತೆಯೇ ಇದು. ಎರಡು ಮೂರು ಸಲ ಹೀಗೆ ಮಾಡಿದ ಬಳಿಕ ನೊರೆ ತಾನೇ ಕುಸಿದು ಮೇಲ್ಮೈ ಸಮತಟ್ಟಾಗುತ್ತದೆ. ಅಲ್ಲಿಂದ ಇನ್ನೂ ಮೂರರಿಂದ ಐದು ನಿಮಿಷ ಬಿಡಬೇಕು. ಕೊನೆಯಲ್ಲಿ ಗಾಳಿಯನ್ನು ಒಮ್ಮೆಗೇ ಒಳಗೆ ಬಿಡದೆ ನಿಧಾನವಾಗಿ ಬಿಡಬೇಕು.

ಬೆರೆಸಿದ ಕ್ಷಣದಿಂದ ಗಡಿಯಾರ ಓಡುತ್ತಿದೆ ಎಂಬುದನ್ನು ಮರೆಯಬಾರದು. ಬಳಕೆಯ ಅವಧಿ ಕೆಲವು ಜೆಲ್‌ಗಳಿಗೆ ಅರ್ಧ ಗಂಟೆ, ಕೆಲವಕ್ಕೆ ಹಲವು ಗಂಟೆ. ಡೇಟಾಶೀಟಿನಲ್ಲಿ (ತಯಾರಕರು ಕೊಡುವ ವಿವರಪತ್ರದಲ್ಲಿ) ಕೊಟ್ಟ ಅವಧಿ ಸಾಮಾನ್ಯವಾಗಿ 25 ಡಿಗ್ರಿಯದು. ಕೋಣೆ 35 ಡಿಗ್ರಿ ಇದ್ದರೆ ಅದು ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂದೇ ಎಣಿಸಿ ಕೆಲಸ ಮಾಡಬೇಕು.

## ಹಂತ 7: ಸುರಿಯುವುದು

ಮೊದಲು ಎರಡು ಮೂರು ಗ್ರಾಂ ಮಿಶ್ರಣವನ್ನು ಬೇರೆಯ ಸಣ್ಣ ಬಟ್ಟಲಿಗೆ ಹಾಕಿ ದಿನಾಂಕ, ಡಬ್ಬಿಯ ಬ್ಯಾಚ್ ಸಂಖ್ಯೆ ಬರೆದಿಡಬೇಕು. ಇದನ್ನು ನಾನು ಸಾಕ್ಷಿ ಬಟ್ಟಲು ಎನ್ನುತ್ತೇನೆ. ಬೋರ್ಡು ಹೋದಲ್ಲೆಲ್ಲ, ಓವನ್ನಿಗೂ, ಇದು ಜೊತೆಗೆ ಹೋಗಬೇಕು.

ಪೆಟ್ಟಿಗೆಯನ್ನು ತುಸು ಓರೆಯಾಗಿಟ್ಟು, ತಗ್ಗಿನ ಮೂಲೆಯಲ್ಲಿ, ತಂತಿಗಳಿಂದ ದೂರ, ತೆಳುವಾದ ಧಾರೆಯಾಗಿ ಒಂದೇ ಕಡೆ ಸುರಿಯಬೇಕು. ಜೆಲ್ ತಳದಿಂದ ಏರುತ್ತಾ ಬಿಡಿಭಾಗಗಳ ಕೆಳಗಿನ ಗಾಳಿಯನ್ನು ಎದುರು ಬದಿಗೆ ತಳ್ಳಿಕೊಂಡು ಹೋಗುತ್ತದೆ. ಅಲ್ಲೊಂದಿಷ್ಟು ಇಲ್ಲೊಂದಿಷ್ಟು ಸುರಿದರೆ ಎರಡು ಪ್ರವಾಹಗಳು ಕೂಡುವ ಕಡೆ ಗಾಳಿ ಸಿಕ್ಕಿಹಾಕಿಕೊಳ್ಳುತ್ತದೆ. ಅರ್ಧ ಮಟ್ಟಕ್ಕೆ ಬಂದಾಗ ನಿಲ್ಲಿಸಿ, ಪೆಟ್ಟಿಗೆಯನ್ನು ಸಮಮಟ್ಟಕ್ಕೆ ತಂದು ಐದು ನಿಮಿಷ ಬಿಟ್ಟು, ನಂತರ ಉಳಿದದ್ದನ್ನು ತುಂಬಬೇಕು.

ಹೆಚ್ಚಿನ ವೋಲ್ಟೇಜಿನ ಕೆಲಸವಾದರೆ ಅರ್ಧ ತುಂಬಿದ ಪೆಟ್ಟಿಗೆಯನ್ನೇ ಇನ್ನೊಮ್ಮೆ ನಿರ್ವಾತಕ್ಕೆ ಇಡಬೇಕು. ಜೆಲ್ ಮಿಲಿಮೀಟರಿಗೆ ಸುಮಾರು 15 ಕಿಲೋವೋಲ್ಟ್ ತಡೆದರೆ ಗಾಳಿ ತಡೆಯುವುದು ಸುಮಾರು 3 ಕಿಲೋವೋಲ್ಟ್ ಮಾತ್ರ. ಮೇಲಾಗಿ ದುಂಡನೆಯ ಗುಳ್ಳೆಯ ಒಳಗಿನ ವಿದ್ಯುತ್ ಕ್ಷೇತ್ರ ಸುತ್ತಲಿನ ಜೆಲ್‌ಗಿಂತ ಸುಮಾರು ಕಾಲು ಪಾಲು ಹೆಚ್ಚಿರುತ್ತದೆ. ಗುಳ್ಳೆಯೊಳಗೆ ಸಣ್ಣ ಸಣ್ಣ ವಿದ್ಯುತ್ ವಿಸರ್ಜನೆಗಳು ನಡೆಯುತ್ತಾ ಜೆಲ್‌ನಲ್ಲಿ ಮರದ ಕೊಂಬೆಗಳಂಥ ಕವಲುಗೆರೆ ಬೆಳೆಯುತ್ತದೆ. ಆದರೆ ತೆಳುಪೊರೆಯುಳ್ಳ ಒತ್ತಡದ ಸೆನ್ಸರ್ ಅಥವಾ ಒಳಗೆ ಮುಚ್ಚಿದ ಗಾಳಿಯಿರುವ ಬಿಡಿಭಾಗ ಬೋರ್ಡಿನಲ್ಲಿದ್ದರೆ, ಅದು ನಿರ್ವಾತವನ್ನು ತಾಳುತ್ತದೆಯೇ ಎಂದು ಅದರ ಡೇಟಾಶೀಟಿನಲ್ಲಿ ನೋಡಿಯೇ ಇಡಬೇಕು.

ನೆಲಕ್ಕೆ ಚೆಲ್ಲಿದ ಹನಿಯನ್ನು ಆಗಲೇ ಒಣಬಟ್ಟೆಯಿಂದ ಒರೆಸಿ, ಬಳಿಕ ದ್ರಾವಕದಿಂದ ಒರೆಸಬೇಕು. ಸಿಲಿಕೋನ್ ಹನಿ ಬಿದ್ದ ನೆಲದಲ್ಲಿ ಕಾಲು ನಿಲ್ಲುವುದಿಲ್ಲ. ಕೈಗವಸಿನಲ್ಲಿ ಅಂಟಿದ ಜೆಲ್ ಬೆಸುಗೆಯ ಅಥವಾ ಬಣ್ಣದ ಮೇಜಿಗೆ ದಾಟಿದರೆ ಅಲ್ಲಿ ಮುಂದೆ ಯಾವ ಲೇಪನವೂ ಸರಿಯಾಗಿ ಹಿಡಿಯದು.

## ಹಂತ 8: ಹೆಪ್ಪುಗಟ್ಟಿಸುವುದು

ಉಷ್ಣತೆ ಮತ್ತು ಅವಧಿಯ ವಿಷಯದಲ್ಲಿ ಆಯಾ ಜೆಲ್‌ನ ಡೇಟಾಶೀಟೇ ಪ್ರಮಾಣ. ಆದರೆ ಅಲ್ಲಿ ‘100 ಡಿಗ್ರಿಯಲ್ಲಿ 1 ಗಂಟೆ’ ಎಂದಿದ್ದರೆ, ಅದು ಜೆಲ್ 100 ಡಿಗ್ರಿ ಮುಟ್ಟಿದ ಮೇಲಿನ ಒಂದು ಗಂಟೆ. ದಪ್ಪ ತಾಮ್ರ ಅಥವಾ ಅಲ್ಯೂಮಿನಿಯಂ ತಳವುಳ್ಳ ಪೆಟ್ಟಿಗೆ ಬಿಸಿಯಾಗಲು ತಗಲುವ ಸಮಯವನ್ನು ಬೇರೆ ಸೇರಿಸಬೇಕು. ಉಷ್ಣತೆ ಅಳೆಯುವ ತಂತಿಜೋಡಿಯಾದ ಉಷ್ಣಯುಗ್ಮದ (ಥರ್ಮೋಕಪಲ್) ತುದಿಯನ್ನು ಖಾಲಿ ಮಾದರಿ ಪೆಟ್ಟಿಗೆಯ ತಳಕ್ಕೆ ಅಂಟಿಸಿ ಒಮ್ಮೆ ಅಳೆದುಕೊಂಡರೆ ಮುಂದೆ ಊಹಿಸುವ ಅಗತ್ಯವಿರದು.

ಒಮ್ಮೆಲೇ ಪೂರ್ತಿ ಉಷ್ಣತೆಗೆ ಏರಿಸದೆ, 60 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟು ನಂತರ ಏರಿಸಿದರೆ, ಜೆಲ್ ಇನ್ನೂ ತೆಳುವಾಗಿರುವಾಗಲೇ ಉಳಿದ ಗುಳ್ಳೆಗಳು ಮೇಲೆದ್ದು ಒಡೆಯುತ್ತವೆ. ಓವನ್ನಿನ ತಟ್ಟೆ ಸಮಮಟ್ಟದಲ್ಲಿದೆಯೇ ಎಂದು ಮೊದಲೇ ನೋಡಿರಬೇಕು. ಓರೆಯಾಗಿ ಹೆಪ್ಪುಗಟ್ಟಿದ ಜೆಲ್ ಒಂದು ಬದಿಯ ತಂತಿಗಳನ್ನು ಬರಿಯಾಗಿ ಬಿಡುತ್ತದೆ.

## ಹಂತ 9: ಸಾಕ್ಷಿ ಬಟ್ಟಲಿನಿಂದ ದೋಷ ಗುರುತಿಸುವುದು

ಓವನ್ನಿನಿಂದ ತೆಗೆದ ಬೋರ್ಡು ಪೂರ್ತಿ ತಣಿದ ಮೇಲೆ ಮೊದಲು ಮುಟ್ಟಬೇಕಾದದ್ದು ಬೋರ್ಡನ್ನಲ್ಲ, ಸಾಕ್ಷಿ ಬಟ್ಟಲನ್ನು. ಕಲಕಿನ ತುದಿಯಿಂದ ಒತ್ತಿದಾಗ ತಗ್ಗಾಗಿ, ಬಿಟ್ಟಾಗ ಮೇಲೆದ್ದು ಬರಬೇಕು. ಬಟ್ಟಲನ್ನು ಬೋರಲು ಹಾಕಿದರೆ ಜಾರಬಾರದು. ದೋಷದ ಮೂಲ ಎಲ್ಲಿದೆ ಎಂಬುದನ್ನು ಬಟ್ಟಲು ಮತ್ತು ಬೋರ್ಡನ್ನು ಹೋಲಿಸಿಯೇ ತಿಳಿಯಬಹುದು.

ಬಟ್ಟಲು, ಬೋರ್ಡು ಎರಡೂ ನೀರಾಗಿದ್ದರೆ ತಪ್ಪು ಮಿಶ್ರಣದಲ್ಲಿದೆ: ಅನುಪಾತ ತಪ್ಪಿದೆ, ಡಬ್ಬಿಯ ಅವಧಿ ಮುಗಿದಿದೆ, ಒಂದೇ ಭಾಗವನ್ನು ಎರಡು ಸಲ ತೂಗಲಾಗಿದೆ (ನಗಬೇಡಿ, ಇದು ಆಗಾಗ ನಡೆಯುತ್ತದೆ) ಅಥವಾ ಓವನ್ ಸಾಕಷ್ಟು ಬಿಸಿಯಾಗಿಲ್ಲ. ಕೊನೆಯದು ಮಾತ್ರ ಮತ್ತೆ ಕಾಯಿಸಿದರೆ ಸರಿಹೋಗುತ್ತದೆ. ಬಟ್ಟಲು ಸರಿಯಿದ್ದು ಬೋರ್ಡಿನ ಮೇಲ್ಮೈಗಳ ಸುತ್ತ ಮಾತ್ರ ಒದ್ದೆಯಿದ್ದರೆ ಹಂತ 1ರ ಶತ್ರುಗಳಲ್ಲಿ ಯಾವುದೋ ಅಲ್ಲಿದೆ. ಒದ್ದೆಗೆರೆ ಯಾವ ವಸ್ತುವನ್ನು ಸುತ್ತುವರಿದಿದೆಯೋ ಅದೇ ಅಪರಾಧಿ. ಬೋರ್ಡಿನ ಒಂದು ಮೂಲೆ ಮಾತ್ರ ನೀರಾಗಿದ್ದು ಅಲ್ಲಿ ಸಂದೇಹದ ವಸ್ತು ಯಾವುದೂ ಇಲ್ಲದಿದ್ದರೆ ಮಿಶ್ರಣ ಕಲಕಿದ ಬಟ್ಟಲಿನ ಗೋಡೆಯ ಬೆರೆಯದ ಪದರ ಅಲ್ಲಿ ಬಿದ್ದಿದೆ. ಬಟ್ಟಲಿನಲ್ಲಿ ಗುಳ್ಳೆಯಿಲ್ಲದೆ ಬೋರ್ಡಿನಲ್ಲಿ ಮಾತ್ರ ಇದ್ದರೆ ಅದು ಬೋರ್ಡಿನ ತೇವ ಅಥವಾ ಸುರಿಯುವಾಗ ಸಿಕ್ಕಿಬಿದ್ದ ಗಾಳಿ; ಎರಡರಲ್ಲೂ ಇದ್ದರೆ ನಿರ್ವಾತ ಸಾಲದು. ಜೆಲ್ ಮತ್ತು ಗೋಡೆಯ ನಡುವೆ ಬೆಳ್ಳಿಯಂತೆ ಹೊಳೆಯುವ ಪೊರೆ ಕಂಡರೆ ಅಲ್ಲಿ ಜೆಲ್ ಬಿಟ್ಟುಕೊಂಡಿದೆ, ಹಂತ 2ರ ತೊಳೆಯುವಿಕೆ ಸಾಕಾಗಿಲ್ಲ.

## ಕೆಟ್ಟ ಜಾಗವನ್ನು ತೆಗೆದು ಮತ್ತೆ ತುಂಬುವುದು

ಹೆಪ್ಪುಗಟ್ಟಿದ ಜೆಲ್ ಅನ್ನು ತೆಳುಬ್ಲೇಡಿನಿಂದ ಚೌಕವಾಗಿ ಕೊಯ್ದು, ಮೊಂಡಾದ ಪ್ಲಾಸ್ಟಿಕ್ ಚಮಚದಿಂದ ಎಬ್ಬಿಸಬಹುದು. ತಂತಿಗಳಿರುವ ಭಾಗದಲ್ಲಿ ಈ ಪ್ರಯತ್ನ ಬೇಡ. ಜೆಲ್‌ನ ಜೊತೆ ತಂತಿಯೂ ಬರುತ್ತದೆ. ಕೇವಲ ವೋಲ್ಟೇಜ್ ಅಳೆಯಬೇಕಿದ್ದರೆ ಕೊಯ್ಯುವ ಅಗತ್ಯವಿಲ್ಲ, ಚೂಪಾದ ಪ್ರೋಬನ್ನು ಜೆಲ್‌ನ ಮೂಲಕವೇ ಇಳಿಸಿ ಅಳೆದು ಹಿಂತೆಗೆದರೆ ರಂಧ್ರ ತಾನೇ ಕೂಡಿಕೊಳ್ಳುತ್ತದೆ.

ಬಿಡಿಭಾಗ ಬದಲಿಸಿದ ಮೇಲೆ ಬೆಸುಗೆಯ ಶೇಷವನ್ನು ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಸುತ್ತಲಿನ ಹಳೆಯ ಜೆಲ್ ಹೀರಿಕೊಂಡ ಆಲ್ಕೋಹಾಲ್ ಹೊರಹೋಗುವವರೆಗೆ ಮೊದಲು ಗಾಳಿಯಲ್ಲಿ, ನಂತರ ಓವನ್ನಿನಲ್ಲಿ ಒಣಗಿಸಿ, ಅದೇ ಜೆಲ್ ಅನ್ನು ಹೊಸದಾಗಿ ಬೆರೆಸಿ ತುಂಬಬೇಕು. ಹೊಸದು ಹಳೆಯದಕ್ಕೆ ಚೆನ್ನಾಗಿ ಕೂಡಿಕೊಳ್ಳುತ್ತದೆ. ಒದ್ದೆಯಾಗಿಯೇ ಉಳಿದ ಜೆಲ್‌ನ ಮೇಲೆ ಮಾತ್ರ ಹೊಸದನ್ನು ಸುರಿಯಬಾರದು; ಕೆಳಗಿನ ಎಣ್ಣೆಯಲ್ಲಿ ಇರುವ ಕಲ್ಮಶ ಮೇಲಿನದಕ್ಕೂ ಹರಡುತ್ತದೆ. ಅದನ್ನು ಒಣಬಟ್ಟೆಯಿಂದ ಪೂರ್ತಿ ಎತ್ತಿ, ಕಾರಣವಾದ ವಸ್ತುವನ್ನು ತೆಗೆದುಹಾಕಿ, ಹಂತ 2ರಿಂದ ಮತ್ತೆ ಪ್ರಾರಂಭಿಸಬೇಕು.